ಬೇವಿನಮರದಪ್ಪನ ಪೂರ್ವಾಶ್ರಮ

"ಈ ಮನೆಯಲ್ಲಿ ಇನ್ನು ಮುಂದೆ ಉಪಯೋಗಕ್ಕೆ ಬಾರದ ಒಂದೇ ಒಂದು ವಸ್ತು ಇರಕೂಡದು" ಎಂದು ಸೋಮವಾರ ಬೆಳಿಗ್ಗೆ ಲಿಂಗರಾಜು ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ ಘೋಷಿಸಿದರು.

"ಹಾಗಾದ್ರೆ ನೀವೆಲ್ಲಿಗೆ ಹೋಗ್ತೀರಿ?" ಅಡುಗೆಮನೆಯಿಂದ ಹೇಮಶ್ರೀ ಕೇಳಿದರು.

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅಧ್ಯಕ್ಷರ ಘನತೆಗೆ ತಕ್ಕದ್ದಲ್ಲ. ಹೌದು, ಅಧ್ಯಕ್ಷರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಮೇಲೆ ಸಹಿ ಹಾಕಲು ಒಂದು ಕಾಗದವೂ ಸಿಗದೆ ಅವರ ಬಲಗೈ ಚಡಪಡಿಸುತ್ತಿದ್ದ ಕಾಲದಲ್ಲೇ, ಸಿದ್ಧಾರ್ಥನಗರದ ಅವರ ರಸ್ತೆಯ ನಿವಾಸಿಗಳ ಸಂಘಕ್ಕೆ ಒಬ್ಬ ಅಧ್ಯಕ್ಷರು ಬೇಕಾಗಿದ್ದರು. ಬೇರೆ ಯಾರೂ ಮುಂದೆ ಬರಲಿಲ್ಲ. ಹೀಗಾಗಿ ಲಿಂಗರಾಜು ಅವಿರೋಧವಾಗಿ ಆಯ್ಕೆಯಾದರು. ಆ 'ಅವಿರೋಧ' ಎಂಬ ಪದವನ್ನು ಅಂದಿನಿಂದ ಒಂದು ದಿನವೂ ಬಳಸದೆ ಬಿಟ್ಟವರಲ್ಲ.

ಅಧಿಕಾರ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸ ರಸ್ತೆಯ ತುದಿಯ ಖಾಲಿ ಸೈಟಿನಲ್ಲಿ, ಬೇವಿನ ಮರದ ಪಕ್ಕ, ಒಂದು ಬೋರ್ಡು ನೆಡಿಸಿದ್ದು. 'ಇಲ್ಲಿ ಕಸ ಹಾಕುವವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು. ಆದೇಶದ ಮೇರೆಗೆ, ಲಿಂಗರಾಜು, ಅಧ್ಯಕ್ಷರು.' ಮಾರನೆಯ ಬೆಳಿಗ್ಗೆ ನೋಡಿದರೆ ಯಾರೋ ಒಂದು ಚೀಲ ಕಸವನ್ನು ಅದೇ ಬೋರ್ಡಿಗೆ ನೇತುಹಾಕಿ ಹೋಗಿದ್ದರು. ನೇತುಹಾಕಲು ಅಲ್ಲಿಯವರೆಗೆ ಆ ಸೈಟಿನಲ್ಲಿ ಇಷ್ಟು ಅನುಕೂಲವಾದ ಜಾಗ ಇರಲಿಲ್ಲ.

ಎರಡನೆಯ ಕೆಲಸ ಶಿವರಾಮುವಿನ ದಿಂಬು. ಶಿವರಾಮುವಿನ ಮನೆ ಆ ಸೈಟಿನ ಎದುರಿಗೇ. ಉದಯಗಿರಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ಮೆತ್ತನೆಯ ಮನುಷ್ಯ. ಕಸದ ಗಾಡಿಯವರು ಬೇಡವೆಂದ ಒಂದು ಹರಕು ದಿಂಬನ್ನು ಪಾಪ, ಸೈಟಿನ ಮೂಲೆಗೆ ಇಟ್ಟುಬಂದಿದ್ದ. ಲಿಂಗರಾಜು ಅದರ ಫೋಟೋವನ್ನು ಮೂರು ಕೋನಗಳಿಂದ ತೆಗೆದು, ಕೆಂಪು ಸುತ್ತು ಹಾಕಿ, ರಸ್ತೆಯ ವಾಟ್ಸಾಪ್ ಗುಂಪಿಗೆ ಬಿಟ್ಟರು. ಅಷ್ಟೇ ಅಲ್ಲ, ಶಿವರಾಮು ಆ ದಿಂಬನ್ನು ಎದೆಗವಚಿಕೊಂಡು ಎಲ್ಲರ ಮುಂದೆ ಮನೆಗೆ ಹೊತ್ತುಕೊಂಡು ಹೋಗುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಶಿವರಾಮು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದನ್ನು ಲಿಂಗರಾಜು ತಮ್ಮ ಆಡಳಿತದ ಗೆಲುವೆಂದು ತಿಳಿದರು.

ಮೂರನೆಯದೇ ಹಿತ್ತಲು ತಪಾಸಣೆ. ಬರುವ ಭಾನುವಾರ ಸಂಘದವರೆಲ್ಲ ಸೇರಿ ಪ್ರತಿ ಮನೆಯ ಹಿತ್ತಲನ್ನೂ ನೋಡುವುದು, ಪಾರದರ್ಶಕತೆಯ ಹಿತದೃಷ್ಟಿಯಿಂದ ಅಧ್ಯಕ್ಷರ ಮನೆಯಿಂದಲೇ ಆರಂಭಿಸುವುದು ಎಂದು ಗುಂಪಿನಲ್ಲಿ ಪ್ರಕಟಿಸಿಯೂ ಆಗಿತ್ತು. ಪ್ರಕಟಿಸಿದ ಮೇಲೆ ಅವರು ತಮ್ಮ ಮನೆಯ ಹಿಂಬಾಗಿಲು ತೆರೆದು ನೋಡಿದರು. ಅಲ್ಲಿ ಹರಿದ ಹತ್ತಿ ಹಾಸಿಗೆಯಿತ್ತು, ಡಬ್ಬದಂಥ ಹಳೆಯ ಟಿವಿಯಿತ್ತು, ಸುಟ್ಟ ಟ್ಯೂಬ್‌ಲೈಟುಗಳಿದ್ದವು, ಬಣ್ಣ ಒಣಗಿ ಕಲ್ಲಾದ ಡಬ್ಬಿಗಳಿದ್ದವು. ಇವೆಲ್ಲಕ್ಕೂ ಯಜಮಾನನ ಹಾಗೆ ನಡುವೆ ಒರಳುಕಲ್ಲೂ ಅದರ ಗುಂಡುಕಲ್ಲೂ ಕೂತಿದ್ದವು.

"ಆ ಜಾಗ ಖಾಲಿ ಮಾಡ್ಕೊಡಿ, ಒಂದು ಕುರ್ಚಿ ಹಾಕ್ಕೊಂಡು ಎಳೆಬಿಸಿಲಲ್ಲಿ ಕಾಫಿ ಕುಡೀಬೇಕು ಅಂತ ಮದುವೆ ಆದಾಗಿಂದ ಕೇಳ್ತಾ ಇದ್ದೀನಿ" ಎಂದರು ಹೇಮಶ್ರೀ. "ಸಂಘದವರು ಬರ್ತಾರೆ ಅಂದ ಮೇಲೆ ನಿಮಗೆ ಹಿತ್ತಲು ಕಣ್ಣಿಗೆ ಬಿತ್ತು."

ಅಷ್ಟರಲ್ಲಿ ಬೀದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ಲಿಂಗರಾಜು ಗಾಡಿಯ ಲೋಕೇಶನನ್ನು ಕೈಹಿಡಿದು ಹಿತ್ತಲಿಗೇ ಕರೆತಂದರು.

"ಇದನ್ನೆಲ್ಲ ತಗೊಂಡು ಹೋಗಪ್ಪ."

"ಹಾಸಿಗೆ ಆಗಲ್ಲ ಸಾರ್."

"ಟ್ಯೂಬ್‌ಲೈಟು?"

"ಒಡೆದ್ರೆ ಕೈ ಕುಯ್ಯತ್ತೆ. ಗಾಡಿಗೆ ಹಾಕಂಗಿಲ್ಲ."

"ಟಿವಿ?"

"ಅದಕ್ಕೆ ಬೇರೆಯವ್ರು ಬರ್ತಾರೆ ಸಾರ್."

"ಯಾವಾಗ?"

"ಅದು ನಮಗೆ ಗೊತ್ತಿರಲ್ಲ."

"ಹೋಗಲಿ, ಈ ಕಲ್ಲನ್ನಾದರೂ ತಗೋ."

ಲೋಕೇಶ ಕಲ್ಲನ್ನು ನೋಡಿದ, ಅಧ್ಯಕ್ಷರನ್ನು ನೋಡಿದ. "ಇದು ಹಸಿ ಕಸನಾ ಸಾರ್, ಒಣ ಕಸನಾ?"

ಹಸಿ ಕಸ, ಒಣ ಕಸ ಬೇರೆ ಮಾಡದವರಿಗೆ ಕ್ಷಮೆಯಿಲ್ಲ ಎಂದು ಗುಂಪಿನಲ್ಲಿ ವಾರಕ್ಕೊಮ್ಮೆ ಬರೆಯುತ್ತಿದ್ದವರು ಈ ಪ್ರಶ್ನೆ ಕೇಳಿ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು. ಲೋಕೇಶ ಹಾಡಿನ ಸಮೇತ ಮುಂದಿನ ಮನೆಗೆ ಹೋದ.

ಆದರೆ ಮೂವತ್ತು ವರ್ಷ ಸರ್ಕಾರಿ ಕಡತಗಳನ್ನು ವಿಲೇವಾರಿ ಮಾಡಿದವರಿಗೆ ಒಂದು ಸತ್ಯ ಗೊತ್ತಿರುತ್ತದೆ. ವಿಲೇವಾರಿ ಎಂದರೆ ಮೇಜಿನ ಮೇಲಿನದನ್ನು ಬೀರುವಿನೊಳಗೆ ಹಾಕುವುದು. ಸಂಜೆಯೊಳಗೆ ಹಾಸಿಗೆ ಮಂಚದ ಕೆಳಗೆ ಹೋಯಿತು. ಟಿವಿ, ಟ್ಯೂಬ್‌ಲೈಟುಗಳು ಅಟ್ಟ ಹತ್ತಿದವು. ಬಣ್ಣದ ಡಬ್ಬಿಗಳು ದೇವರ ಮನೆಯ ಬಾಗಿಲ ಹಿಂದೆ ಅಡಗಿದವು. ನಡೆಯುವುದು ಹಿತ್ತಲು ತಪಾಸಣೆ, ಅದರಲ್ಲಿ ಮಂಚದ ಕೆಳಗೆ ಬಗ್ಗಿ ನೋಡಲು ಅವಕಾಶವಿಲ್ಲ. ನಿಯಮ ಬರೆದವರೇ ಅವರಲ್ಲವೆ?

ಉಳಿದದ್ದು ಕಲ್ಲು. ಗುಜರಿಯ ನಂಜಯ್ಯನಿಗೆ ಫೋನ್ ಮಾಡಿ ಕರೆಸಿದರು. ನಂಜಯ್ಯ ಗುಂಡುಕಲ್ಲನ್ನು ಕಾಲಿನಿಂದ ಉರುಳಿಸಿ ನೋಡಿ, "ತೂಕಕ್ಕೆ ಬರತ್ತೆ ಸಾರ್, ಬೆಲೆಗೆ ಬರಲ್ಲ" ಎಂದು ಸೈಕಲ್ಲು ಹತ್ತಿದ.

ಆ ಕಲ್ಲಿನ ಮೇಲೆ ಹೇಮಶ್ರೀಯವರಿಗೆ ಹಳೆಯ ಸಿಟ್ಟು. ಅದು ಲಿಂಗರಾಜು ಅವರ ತಾಯಿಯ ಕಾಲದ್ದು. ಮನೆಗೆ ಮಿಕ್ಸಿ ಬಂದರೂ ಅತ್ತೆಗೆ ಅದರ ಹಿಟ್ಟು ಒಗ್ಗುತ್ತಿರಲಿಲ್ಲ. ಹೇಮಶ್ರೀ ವರ್ಷಗಟ್ಟಲೆ ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ರುಬ್ಬಿದರು. ಅತ್ತೆ ಹಿಂಬಾಗಿಲ ಹೊಸ್ತಿಲ ಮೇಲೆ ಕಾಫಿ ಹಿಡಿದುಕೊಂಡು ಕೂತು, "ತಳ ಚೆನ್ನಾಗಿ ಉಜ್ಜಮ್ಮ, ಹಿಟ್ಟು ಮೆತ್ಕೊಂಡಿರ್ತದೆ" ಎನ್ನುತ್ತಿದ್ದರು. ಒಮ್ಮೆ ತೊಳೆಯುವಾಗ ಕೈಜಾರಿ ಕಲ್ಲಿನ ನೆತ್ತಿಯ ಹತ್ತಿರ ಒಂದು ಚೂರು ಎದ್ದುಹೋಗಿ ಕಣ್ಣಿನಾಕಾರದ ಗುರುತು ಉಳಿದಿತ್ತು. ಆ ಚೂರಿನ ಮಾತು ಮನೆಯಲ್ಲಿ ಒಂದು ತಿಂಗಳು ನಡೆದಿತ್ತು. ಲಿಂಗರಾಜು ಆಗೆಲ್ಲ ಪೇಪರ್ ಓದುತ್ತಿದ್ದರು.

"ಎತ್ತಿ ಎಲ್ಲಿಗಾದ್ರೂ ಸಾಗಿಸಿ. ನನಗೆ ಅದರ ಮುಖ ನೋಡೋದು ಬೇಡ" ಎಂದರು ಹೇಮಶ್ರೀ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಊಟ ಮುಗಿಸಿ ಇಡೀ ರಸ್ತೆ ಮಲಗಿದ್ದ ಹೊತ್ತು. ಒರಳನ್ನು ಅಲುಗಾಡಿಸಲೂ ಆಗದೆ ಅದನ್ನು ನಾಳೆಗೆ ಬಿಟ್ಟು, ಲಿಂಗರಾಜು ಗುಂಡುಕಲ್ಲನ್ನು ಮಾತ್ರ ಟವೆಲಿನಲ್ಲಿ ಸುತ್ತಿ ಸ್ಕೂಟರಿನ ಕಾಲಡಿಯಿಟ್ಟುಕೊಂಡು ಹೊರಟರು. ಹೋದದ್ದು ಬೇರೆಲ್ಲಿಗೂ ಅಲ್ಲ, ಅದೇ ಖಾಲಿ ಸೈಟಿಗೆ, ತಮ್ಮದೇ ಬೋರ್ಡಿನ ಹಿಂದಕ್ಕೆ. 'ಅಷ್ಟಕ್ಕೂ ಕಲ್ಲು ಕಸ ಹೇಗಾಗುತ್ತದೆ? ಭೂಮಿಯದನ್ನು ಭೂಮಿಗೆ ಹಿಂತಿರುಗಿಸುತ್ತಿದ್ದೇನೆ' ಎಂದು ಮನಸ್ಸಿನಲ್ಲೇ ಒಂದು ಟಿಪ್ಪಣಿಯನ್ನೂ ಬರೆದುಕೊಂಡರು.

ಇಟ್ಟು ಓಡಿಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಲ್ಲು ನಿಲ್ಲಲೊಲ್ಲದೆ ಚರಂಡಿಯ ಕಡೆ ಉರುಳಿತು. ಕಡತವೊಂದು ಸೊಟ್ಟಗಿದ್ದರೂ ಸಹಿಸದ ಮನುಷ್ಯ. ಮರದ ಬುಡದಲ್ಲಿ ಕಡ್ಡಿಯಿಂದ ಮಣ್ಣು ಕೆದರಿ, ಗುಣಿ ಮಾಡಿ, ಕಲ್ಲಿನ ದಪ್ಪ ತಳವನ್ನು ಒಳಗೆ ಹೂತು, ನೆತ್ತಿಯನ್ನು ಮೇಲೆ ಮಾಡಿ ನೆಟ್ಟಗೆ ನಿಲ್ಲಿಸಿದರು. ಸುತ್ತ ಮಣ್ಣು ತಟ್ಟಿ ಮಟ್ಟ ಮಾಡಿದರು.

"ಏನ್ ಲಿಂಗರಾಜಪ್ಪ, ಅಲ್ಲೇನ್ ಮಾಡ್ತಾ ಇದ್ದೀರಿ?"

ಮಾದೇವಮ್ಮನ ದನಿ. ರಸ್ತೆಗೇ ಹಿರಿಯಾಕೆ. ಮಂಗಳವಾರ ತಪ್ಪದೆ ಚಾಮುಂಡಿ ಬೆಟ್ಟಕ್ಕೆ ಹೋಗಿ, ಬಸ್ಸಿಳಿದು, ಕೈಯಲ್ಲಿ ಪ್ರಸಾದ ಹಿಡಿದು ಬರುತ್ತಿದ್ದವಳು. ಆಕೆಯ ಕಿವಿಗೆ ಬಿದ್ದದ್ದು ಕಾಫಿ ಆರುವುದರೊಳಗೆ ಕೊನೆಯ ಮನೆಗೆ ಮುಟ್ಟುತ್ತದೆ. ಲಿಂಗರಾಜು ಅವರ ಕಣ್ಣ ಮುಂದೆ ಶಿವರಾಮುವಿನ ದಿಂಬು ಬಂದು ನಿಂತಿತು. ವಾಟ್ಸಾಪ್ ಗುಂಪು ಬಂತು, ಕೆಂಪು ಸುತ್ತು ಬಂತು. ಏನು ಮಾಡಬೇಕೆಂದು ಅವರು ಯೋಚಿಸುವ ಮೊದಲೇ ಮಣ್ಣಾದ ಅವರ ಎರಡೂ ಕೈಗಳು ತಾವಾಗಿ ಎದೆಯ ಮುಂದೆ ಕೂಡಿಕೊಂಡವು. ಕಣ್ಣೂ ಮುಚ್ಚಿದವು. ಸಾಲದ್ದಕ್ಕೆ ಕಾಲುಗಳು ಮರಕ್ಕೆ ಒಂದು ಸುತ್ತು ಬಂದುಬಿಟ್ಟವು.

"ಕೈ ಮುಗೀತಾ ಇದ್ದೆ ಮಾದೇವಮ್ಮ."

"ಯಾವ್ ದೇವ್ರಪ್ಪ ಇದು? ನಾ ಕಂಡೇ ಇಲ್ಲ."

"ನಾನೂ ಕಂಡಿರಲಿಲ್ಲ. ಹೋಗ್ತಾ ಇದ್ದೆ, ಇಲ್ಲಿ ಬರಬೇಕು ಅನ್ನಿಸ್ತು. ಬಂದು ನೋಡಿದ್ರೆ ಹೀಗೆ."

ಇದರಲ್ಲಿ ಒಂದಕ್ಷರವೂ ಸುಳ್ಳಾಗದಂತೆ ಮಾತಾಡಿದ್ದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು. ಮಾದೇವಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ನೆತ್ತಿಯ ಗುರುತಿನ ಮೇಲೆ ಬೆರಳಾಡಿಸಿದಳು.

"ಶಿವನೇ, ಹಣೆಗಣ್ಣು ಕಣಪ್ಪ ಇದು. ಭೂಮಿಯಿಂದ ಎದ್ದು ಬಂದವ್ನೆ. ಎಂಗೋ ನಿಮ್ಮ ಕಣ್ಣಿಗೆ ಬಿದ್ದವ್ನೆ ನೋಡಿ" ಎಂದು ಬೆಟ್ಟದ ತಾಯಿಯ ಕುಂಕುಮವನ್ನು ಕಲ್ಲಿಗೆ ಮೆತ್ತಿ, ಪ್ರಸಾದದ ಹೂವನ್ನು ನೆತ್ತಿಗೇರಿಸಿ, ಅಡ್ಡಬಿದ್ದಳು. ಒಬ್ಬಳೇ ಅಡ್ಡಬೀಳುವಾಗ ನಿಂತಿರುವುದು ಚೆನ್ನಾಗಿರುವುದಿಲ್ಲವೆಂದು ಅಧ್ಯಕ್ಷರೂ ಅಡ್ಡಬಿದ್ದರು.

ಬುಧವಾರ ಬೆಳಿಗ್ಗೆ ಬೇವಿನ ಮರಕ್ಕೆ ಅರಿಶಿನದ ದಾರ ಬಂತು. ಗುರುವಾರ ಯಾರೋ ಹಿತ್ತಾಳೆಯ ಮುಖವಾಡ ತೊಡಿಸಿದರು. ಶುಕ್ರವಾರದ ಹೊತ್ತಿಗೆ ದೇವರಿಗೆ ಬೇವಿನಮರದಪ್ಪ ಎಂಬ ಹೆಸರೂ, ಅದಕ್ಕೆ ಹರಕೆ ಹೊತ್ತವರ ಒಂದು ಸಾಲೂ ಸಿದ್ಧವಾಗಿದ್ದವು. ಇನ್ನೊಂದು ವಿಷಯವನ್ನೂ ಹೇಳಬೇಕು. ಮಂಗಳವಾರದಿಂದ ಆ ಸೈಟಿಗೆ ಒಂದೇ ಒಂದು ಚೀಲ ಕಸ ಬೀಳಲಿಲ್ಲ. ಅಧ್ಯಕ್ಷರ ಬೋರ್ಡಿಗೆ ಆಗದ ಕೆಲಸವನ್ನು ಅಧ್ಯಕ್ಷರ ಕಸ ಮಾಡಿತ್ತು.

ಮಾದೇವಮ್ಮನ ಬಲವಂತಕ್ಕೆ ಬುಧವಾರವೇ ಆರತಿ ತಟ್ಟೆ ಹಿಡಿದು ಹೋಗಿದ್ದ ಹೇಮಶ್ರೀ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ನಿಂತಿದ್ದರು.

"ಗುಂಡುಕಲ್ಲು ಎಲ್ಲಿ ಹಾಕಿದ್ರಿ?"

"ಸೂಕ್ತ ವಿಲೇವಾರಿ ಮಾಡಿದೆ."

"ನಾನೀಗ ಅದಕ್ಕೆ ಮಂಗಳಾರತಿ ಎತ್ತಿ ಬಂದೆ ಕಣ್ರೀ. ಚೂರು ಹೋದ ಗುರುತು ನನಗೆ ಗೊತ್ತಾಗಲ್ವಾ? ಬೀಳಿಸಿದವಳು ನಾನು, ಬೈಸಿಕೊಂಡವಳು ನಾನು. ನನ್ನ ರಟ್ಟೆ ಮುರಿದ ಕಲ್ಲಿಗೆ ನಾನೇ ಅಡ್ಡಬಿದ್ದು ಬಂದೆನಲ್ಲ."

"ಮೆಲ್ಲಗೆ ಮಾತಾಡೇ, ಕಿಟಕಿ ತೆಗೆದಿದೆ."

"ಹೋಗಿ ನಿಜ ಹೇಳ್ಬಿಡಿ. ಪಾಪದ ಜನ ಹರಕೆ ಹೊತ್ಕೊಳ್ತಾ ಇದ್ದಾರೆ."

"ಹೇಳಿದ್ರೆ ಆ ಶಿವರಾಮು ಮುಖ ಹೇಗೆ ನೋಡ್ಲಿ? ಒಂದು ದಿಂಬಿಗೆ ಅಷ್ಟು ಮಾಡಿದವನು ನಾನು. ಭಾನುವಾರ ಒಂದು ಕಳೀಲಿ ಹೇಮ, ಆಮೇಲೆ ಯೋಚಿಸೋಣ."

ಭಾನುವಾರ ಬಂತು. ಒಂಟಿಯಾಗಿ ಉಳಿದಿದ್ದ ಒರಳಿನ ಮೇಲೆ ಲಿಂಗರಾಜು ತುಳಸಿಯ ಕುಂಡವನ್ನು ಇಟ್ಟುಬಿಟ್ಟಿದ್ದರು. ಸಂಘದವರು ಹಿತ್ತಲಿಗೆ ಬಂದರು, ಗುಡಿಸಿದ ನೆಲ ನೋಡಿದರು, ತುಳಸಿಗೆ ಕೈ ಮುಗಿದರು. "ಹಿತ್ತಲು ಅಂದ್ರೆ ಹೀಗಿರಬೇಕು. ಎಷ್ಟು ಜಾಗ ನೋಡ್ರಿ" ಎಂದು ಎಲ್ಲರೂ ಹೊಗಳಿದರು. ಶಿವರಾಮು ಮಾತ್ರ ತುಳಸಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಭಕ್ತಿ ಇರಬೇಕು ಎಂದುಕೊಂಡರು ಲಿಂಗರಾಜು. ಇನ್ನು ನನ್ನ ಮಾನಕ್ಕೆ ಭಯವಿಲ್ಲ ಎಂದು ನಿರಾಳವಾದರು.

ಮುಂದಿನ ಮನೆಗೆ ಹೊರಡುವಷ್ಟರಲ್ಲಿ ಖಾಲಿ ಸೈಟಿನ ಮಾಲೀಕ ಯೋಗೇಂದ್ರ ಕಾರಿನಿಂದ ಇಳಿದು ಧುಮುಗುಟ್ಟುತ್ತಾ ಬಂದು ಎಲ್ಲರನ್ನೂ ಸೈಟಿನ ಹತ್ತಿರ ಕರೆದೊಯ್ದ.

"ಏನ್ರೀ ಇದು? ನಾಳೆ ನಾನು ಪಾಯ ತೆಗೆಸಬೇಕು, ನನ್ನ ಸೈಟಲ್ಲಿ ಗುಡಿ ಎದ್ದಿದೆ ಅಂತ ಯಾರೋ ಫೋನ್ ಮಾಡಿದ್ರು. ಬಂದು ನೋಡಿದ್ರೆ ನಿಜವೇ. ನನಗೂ ದೇವರು ಅಂದ್ರೆ ಭಯ ಇದೆ, ನಾನು ಮುಟ್ಟಲ್ಲ. ನೀವೇ ಒಳ್ಳೆ ಜಾಗ ನೋಡಿ ಇವತ್ತೇ ಕರ್ಕೊಂಡು ಹೋಗಿ."

ಸಂಘದವರು ಮುಖ ಮುಖ ನೋಡಿಕೊಂಡರು. ಒಬ್ಬರ ಮನೆಯಲ್ಲಿ ಮೈಲಿಗೆ, ಇನ್ನೊಬ್ಬರದು ಬಾಡಿಗೆ ಮನೆ, ಮತ್ತೊಬ್ಬರಿಗೆ ನಾಯಿ ಇದೆ. ಆಗ ಮಾದೇವಮ್ಮ ಮುಂದೆ ಬಂದಳು.

"ಇದ್ರಲ್ಲಿ ಯೋಚ್ನೆ ಮಾಡಕ್ಕೆ ಏನದೆ? ಸ್ವಾಮಿ ಮೊದ್ಲು ಕಾಣಿಸ್ಕೊಂಡಿದ್ದು ಲಿಂಗರಾಜಪ್ಪನಿಗೆ. ಕೈ ಮಣ್ಣು ಮಾಡ್ಕೊಂಡು ಸೇವೆ ಮಾಡ್ತಿದ್ರು, ಕಣ್ಣಾರೆ ಕಂಡಿವ್ನಿ. ಅವ್ರ ಹಿತ್ತಲೇ ಸರಿ. ಅಂಗೇ ಜಾಗಾನೂ ಖಾಲಿ ಅದೆ."

"ಅವಿರೋಧವಾಗಿ ಒಪ್ಪಿದೆ" ಎಂದ ಶಿವರಾಮು. ಎಲ್ಲರೂ ಚಪ್ಪಾಳೆ ತಟ್ಟಿದರು.

ಲಿಂಗರಾಜು ಒಂದು ಹೆಜ್ಜೆ ಮುಂದೆ ಬಂದರು. ಈಗಲೇ ಹೇಳಿಬಿಡಲೇ? ಇದು ನಮ್ಮ ಅಮ್ಮನ ಗುಂಡುಕಲ್ಲು, ಎಸೆಯಲು ತಂದವನು ನಾನೇ ಎಂದುಬಿಟ್ಟರೆ ಎರಡು ನಿಮಿಷದ ಅವಮಾನ, ಅಷ್ಟೆ. ಬಾಯಿ ತೆರೆದರು. ಎದುರಿಗೇ ತಮ್ಮ ಹೆಸರಿನ ಬೋರ್ಡು ಕಾಣಿಸಿತು. 'ಕಠಿಣ ಕ್ರಮ ಜರುಗಿಸಲಾಗುವುದು.' ತೆರೆದ ಬಾಯಿ ಮುಚ್ಚಿತು.

ಸಂಜೆಗೆ ಓಲಗದವರು ಬಂದರು. ಹಾರೆ ಹಿಡಿದು ಮಣ್ಣು ಬಿಡಿಸುವ ಸೇವೆಯನ್ನು ಶಿವರಾಮು ತಾನೇ ಕೇಳಿ ವಹಿಸಿಕೊಂಡ. ಮುಖವಾಡ ತೆಗೆದು, ಕಲ್ಲನ್ನು ಮೇಲೆತ್ತಿ, ಕೊಡ ನೀರು ಸುರಿದಾಗ ಬೇವಿನಮರದಪ್ಪನ ಪೂರ್ತಿ ಸ್ವರೂಪ ಮೊದಲ ಸಲ ಭಕ್ತರಿಗೆ ಕಾಣಿಸಿತು. ತಳ ಕನ್ನಡಿಯಂತೆ ನುಣುಪಾಗಿತ್ತು. ಅದು ಹೇಮಶ್ರೀಯವರು ವರ್ಷಗಟ್ಟಲೆ ರುಬ್ಬಿ ತಂದ ನುಣುಪು. ಅದನ್ನು ನೋಡುತ್ತಿದ್ದಂತೆ ಹೇಮಶ್ರೀಯವರಿಗೆ ನಗು ಬರಲಿಲ್ಲ, ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

ಕಲ್ಲನ್ನು ಮೊದಲ ಭಕ್ತನ ತಲೆಯ ಮೇಲೆ ಹೊರಿಸಿದರು. ಸ್ಕೂಟರಿನ ಕಾಲಡಿಯಲ್ಲಿ ಹೋದದ್ದು ಅಧ್ಯಕ್ಷರ ತಲೆಯ ಮೇಲೆ, ಓಲಗದ ಸಮೇತ, ರಸ್ತೆಯ ಉದ್ದಕ್ಕೂ ಹಿಂತಿರುಗಿತು. ಶಿವರಾಮು ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಫೋಟೋ ತೆಗೆದ. ಎಡದಿಂದ ಒಂದು, ಬಲದಿಂದ ಒಂದು, ಎದುರಿನಿಂದ ಒಂದು. ಮನೆ ಮುಟ್ಟುವ ಮೊದಲೇ ಮೂರೂ ಗುಂಪಿಗೆ ಬಂದಿದ್ದವು.

ಹಿತ್ತಲಲ್ಲಿ ದೇವರನ್ನು ಎಲ್ಲಿಡುವುದೆಂಬ ಮಾತು ಬಂತು. "ಪೀಠ ಬೇಕಲ್ಲ" ಎಂದ ಶಿವರಾಮು, ಯಾರೂ ಕೇಳದಿದ್ದರೂ ಹೋಗಿ ತುಳಸಿಯ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟ. "ಇಲ್ಲೊಂದು ಇದ್ದಂಗದೆ."

ಲಿಂಗರಾಜು ಕತ್ತು ಮುರಿಯುತ್ತಿದ್ದ ಭಾರವನ್ನು ಇಳಿಸಿದರು. ಕಲ್ಲು ಒರಳಿನ ಗುಂಡಿಯೊಳಗೆ ಒಂದು ಕೂದಲೆಳೆಯೂ ಆಚೀಚೆಯಾಗದೆ ಕೂತಿತು. ಓಲಗ ನಿಂತಿತು. ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ, ಮೆಟ್ಟಿಲ ಕೆಳಗೋ ನೀರಿನ ತೊಟ್ಟಿಯ ಹಿಂದೋ, ಅಂಥದೇ ಒಂದು ಜೋಡಿ ಬಿದ್ದಿತ್ತು. ಎಲ್ಲರಿಗೂ ಏನೋ ನೆನಪಾದಂತಾಯಿತು. ಆದರೆ ಒಬ್ಬರು ಮಗಳ ಮದುವೆಗೆ ಹರಕೆ ಹೊತ್ತಿದ್ದರು, ಒಬ್ಬರು ಮುಖವಾಡ ಮಾಡಿಸಿಕೊಟ್ಟಿದ್ದರು, ಎಲ್ಲರೂ ಅಡ್ಡಬಿದ್ದಿದ್ದರು. ಮೊದಲು ಬಾಯಿಬಿಟ್ಟು ದಡ್ಡರಾಗಲು ಯಾರೂ ಸಿದ್ಧರಿರಲಿಲ್ಲ.

"ನೋಡ್ರಪ್ಪ, ಸ್ವಾಮಿಗೆ ಅಂತ್ಲೇ ಮಾಡಿಟ್ಟಂಗದೆ ಪೀಠ" ಎಂದಳು ಮಾದೇವಮ್ಮ. ಎಲ್ಲರೂ ನಿರಾಳವಾಗಿ ಕೈ ಮುಗಿದರು. ಓಲಗ ಮತ್ತೆ ಶುರುವಾಯಿತು.

ಆ ಸದ್ದಿನಲ್ಲಿ ಶಿವರಾಮು ಲಿಂಗರಾಜು ಅವರ ಕಿವಿಯ ಹತ್ತಿರ ಬಂದ. "ನಮ್ಮನೆ ಕಿಟಕಿ ಮಧ್ಯಾಹ್ನ ಮೂರು ಗಂಟೆಗೂ ತೆಗೆದೇ ಇರ್ತದೆ ಅಧ್ಯಕ್ಷರೇ. ನನ್ನ ದಿಂಬನ್ನ ನಾನು ಒಬ್ನೇ ಹೊತ್ಕೊಂಡೋಗಿದ್ದೆ. ನಿಮ್ಮ ಸಾಮಾನು ನೋಡಿ, ಓಲಗ ಊದ್ಸ್ಕೊಂಡು ಬಂತು." ಪ್ರಸಾದದ ಬಾಳೆಹಣ್ಣು ಸುಲಿದುಕೊಂಡು ಹೋಗಿಬಿಟ್ಟ. ಆ ಮಾತನ್ನು ಅವನು ಬೇರೆ ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದೇ ಲಿಂಗರಾಜು ಅವರಿಗೆ ಈಗ ಹೆಚ್ಚು ಕಷ್ಟವಾಗಿದೆ.

ಬೇವಿನಮರದಪ್ಪನಿಗೆ ಈಗ ದಿನವೂ ಬೆಳಿಗ್ಗೆ ಅಭಿಷೇಕ. ಹೆಂಗಸರು ಬಂದು ಕುಂಕುಮವಿಟ್ಟು ಹೋಗುವ ಮೊದಲು ನಿನ್ನೆಯದನ್ನೆಲ್ಲ ತೊಳೆದಿರಬೇಕು, ಅದೂ ಮೊದಲ ಭಕ್ತನ ಕೈಯಿಂದಲೇ ಆಗಬೇಕೆಂದು ಸಂಘದ ತೀರ್ಮಾನ. ಲಿಂಗರಾಜು ಪಂಚೆ ಮೇಲೆ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ಒರಳಿನಿಂದ ಎತ್ತಿ ಪಕ್ಕಕ್ಕಿಟ್ಟು, ತೆಂಗಿನ ನಾರಿನಿಂದ ಉಜ್ಜುತ್ತಾರೆ. ಮೂರನೆಯ ದಿನಕ್ಕೇ ಅವರ ರಟ್ಟೆ ಹಿಡಿದುಕೊಂಡಿತು.

ದೇವರು ಕೂತ ಮೇಲೂ ಹಿತ್ತಲಲ್ಲಿ ಒಂದು ಕುರ್ಚಿಗಾಗುವಷ್ಟು ಜಾಗ ಉಳಿದಿದೆ. ಹೇಮಶ್ರೀ ಅಲ್ಲಿ ಕಾಲು ಚಾಚಿ ಕೂತು, ಎಳೆಬಿಸಿಲಿಗೆ ಮುಖವೊಡ್ಡಿ, ಕಾಫಿಯನ್ನು ನಿಧಾನವಾಗಿ ಗುಟುಕರಿಸುತ್ತಾ ಹೇಳುತ್ತಾರೆ:

"ತಳ ಚೆನ್ನಾಗಿ ಉಜ್ಜಿ, ಕುಂಕುಮ ಮೆತ್ಕೊಂಡಿರ್ತದೆ."